ಜರ್ನಲಿಸಂ ಓದಿ ಏನ್ ಮಾಡ್ತೀ?

1/10

ದೇವದುರ್ಗ, ಮಾನ್ವಿ, ರಾಯಚೂರು, ಎಲ್ಲೇ ಬಿ.ಎ. ಸೇರಿರಲಿ, ಒಂದು ಪ್ರಶ್ನೆ ತಪ್ಪಿದ್ದಲ್ಲ. "ಯಾವ ಸಬ್ಜೆಕ್ಟ್ ತಗೊಂಡಿ?" ಅಂತ ಕೇಳ್ತಾರ. ಜರ್ನಲಿಸಂ ಅಂದ್ರ "ಟಿವಿಯಾಗ ಬರ್ತೀಯೇನು?" ಐಚ್ಛಿಕ ಕನ್ನಡ ಅಂದ್ರ "ಬಿ.ಎಡ್. ಮಾಡಿ ಮಾಸ್ತರ್ ಆಗ್ತೀ ಬಿಡು." ಬಿ.ಕಾಂ. ಹುಡುಗ ಮಾರ್ಕೆಟಿಂಗ್ ಅಂದ್ರ "ಮನಿಮನಿಗೆ ಹೋಗಿ ಸಾಮಾನು ಮಾರೋದಾ?" ಮೂವರಿಗೂ ಕೊನೀಗೆ ಒಂದೇ ಮಾತು: "ಅದನ್ನ ಓದಿ ಏನ್ ಮಾಡ್ತೀ? ಸುಮ್ನೆ ಪಿಎಸ್‌ಐ, ಎಫ್‌ಡಿಎ ಕೋಚಿಂಗ್ ಸೇರಿಕೋ."

ಕೇಳುವವರ ಮೇಲೆ ಸಿಟ್ಟಾಗಬೇಡ್ರಿ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ 59.56, ರಾಜ್ಯದ್ದು ಶೇ 75.36. ಅಪ್ಪ-ಅವ್ವ ಗುಳೆ ಹೋಗಿ, ಬೆಂಗಳೂರಿನಾಗ ಕಟ್ಟಡ ಕೆಲಸ ಮಾಡಿ ಕಳಿಸಿದ ರೊಕ್ಕದಲ್ಲಿ ಫೀಸು ಕಟ್ಟಿರುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅಂಥ ಮನೆಯಲ್ಲಿ "ನೌಕರಿ ಯಾವಾಗ?" ಅನ್ನೋದು ಹೊಟ್ಟೆಪಾಡಿನ ಪ್ರಶ್ನೆ. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಸಂವಹನ, ಮಾಧ್ಯಮ, ಮಾರ್ಕೆಟಿಂಗ್, ಸಾಹಿತ್ಯ ಈ ನಾಲ್ಕನ್ನೂ ನಮ್ಮ ಜಿಲ್ಲೆಯ ಮಕ್ಕಳು ಓದಲೇಬೇಕು. ರಾಯಚೂರಿನ ಬಗ್ಗೆ ಮಾತಾಡುವವರು ಭಾಳ ಮಂದಿ ಇದ್ದಾರೆ, ರಾಯಚೂರಿನ ಒಳಗಿಂದ ಮಾತಾಡುವವರು ಕಡಿಮೆ. ಆದರೆ ಈಗ ಓದ್ತಿರೋ ಹಾಗೆ, ನೋಟ್ಸ್ ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆತರೆ, ಏನೂ ಉಪಯೋಗ ಇಲ್ಲ.

ಹತ್ತು ಪೋಸ್ಟ್ ಅದಾವ. ಪುರುಸೊತ್ತಾದಾಗ ಒಂದೊಂದೇ ಓದ್ರಿ.

2/10

ಮೊದಲು ಒಂದು ಉದಾಹರಣೆ. ನಾಲ್ಕೂ ವಿಷಯ ಒಂದೇ ಕಡೆ ಸಿಗುವಂಥದ್ದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಎಡದಂಡೆ ಕಾಲುವೆ ನಂಬಿಕೊಂಡ ಸಿಂಧನೂರು, ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತರಿಗೆ ಎದೆ ಝಲ್ ಅಂದಿತು. ಟಿವಿ ಚಾನೆಲ್‌ಗಳಲ್ಲಿ ದಿನವಿಡೀ ನೀರು ಧುಮುಕುವ ದೃಶ್ಯ. ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು. ಅಲ್ಲಿಗೆ ದೃಶ್ಯ ಮುಗಿಯಿತು, ಸುದ್ದಿಯೂ ಮುಗಿಯಿತು.

ಆದರೆ ಕಾಲುವೆಯ ಕೊನೆ ಭಾಗದ ರೈತನಿಗೆ ಬೇಕಾಗಿದ್ದು ಮೂರೇ ಮಾತು. ಡ್ಯಾಮಿನಾಗ ಎಷ್ಟು ಟಿಎಂಸಿ ಉಳೀತದ? ಕಾಲುವೆಗೆ ಎಷ್ಟು ದಿನ ಬಿಡ್ತಾರ? ನಮ್ಮ ಹೊಲದ ತನಕ ಮುಟ್ಟತದೋ ಇಲ್ಲೋ?

ಈಗ ನೋಡ್ರಿ. ನೀರಾವರಿ ಇಲಾಖೆಯ ಕ್ಯೂಸೆಕ್, ಟಿಎಂಸಿ ಲೆಕ್ಕವನ್ನು ಊರ ಕಟ್ಟೆಯ ಮೇಲೆ ಕೂತ ರೈತನಿಗೆ ತಿಳಿಯುವ ಮಾತಿಗೆ ಇಳಿಸೋದು ಸಂವಹನ. ಗೇಟು ಕೂತ ಮೇಲೂ ಬಿಡದೆ, ಕೊನೆ ಭಾಗಕ್ಕೆ ನೀರು ಬಂತಾ ಅಂತ ತಿಂಗಳಾದ ಮೇಲೂ ಹೋಗಿ ನೋಡೋದು ಮಾಧ್ಯಮ. ಆ ವರ್ಷದ ಭತ್ತ ಯಾರ ಕೈಗೆ, ಯಾವ ದರಕ್ಕೆ, ಯಾವ ಹೆಸರಿನ ಚೀಲದೊಳಗೆ ಹೋಯಿತು ಅನ್ನೋದು ಮಾರ್ಕೆಟಿಂಗ್. ಆ ರಾತ್ರಿ ನಿದ್ದಿ ಬರದ ಮನೆಯಲ್ಲಿ ಗಂಡ-ಹೆಂಡತಿ ಏನು ಮಾತಾಡಿಕೊಂಡಿರಬಹುದು ಅನ್ನೋದನ್ನು ಬರೆದರೆ ಸಾಹಿತ್ಯ.

ಕ್ಲಾಸಿನಲ್ಲಿ ನಾಲ್ಕು ಬೇರೆ ಬೇರೆ ಪೇಪರ್. ಹೊಲದಲ್ಲಿ ಒಂದೇ ಸಂಗತಿ.

3/10

ಈಗ ಮಾನ್ವಿಯಿಂದ ದೇವದುರ್ಗಕ್ಕೆ ಹೋಗೋಣ, ತುಂಗಭದ್ರೆಯಿಂದ ಕೃಷ್ಣೆಗೆ.

2019ರ ಆಗಸ್ಟ್ ಪ್ರವಾಹ ನೆನಪಿದೆಯಾ? ಹಿರೇರಾಯನಕುಂಪಿ ಹತ್ತಿರ ನೀರಿನಡಿ ಮುಳುಗಿದ ಸೇತುವೆಯ ಮೇಲೆ ಒಬ್ಬ ಹುಡುಗ ಆ್ಯಂಬುಲೆನ್ಸ್ ಮುಂದೆ ಓಡಿ ದಾರಿ ತೋರಿಸಿದ. ವಿಡಿಯೊ ದೇಶ ತುಂಬಾ ಓಡಾಡಿತು. ಸ್ವಾತಂತ್ರ್ಯ ದಿನದಂದು ಜಿಲ್ಲಾಡಳಿತ ಅವನನ್ನು ಸನ್ಮಾನಿಸಿತು. ಆಮೇಲೆ ರಾಷ್ಟ್ರಮಟ್ಟದ ಶೌರ್ಯ ಪ್ರಶಸ್ತಿಯೂ ಬಂತು. ಹುಡುಗನ ಧೈರ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಜರ್ನಲಿಸಂ ಓದುವ ನೀವು ಆ ವಿಡಿಯೊವನ್ನು ಇನ್ನೊಮ್ಮೆ ನೋಡ್ರಿ. ಆ್ಯಂಬುಲೆನ್ಸ್ ಮುಳುಗಿದ ಸೇತುವೆಯ ಮೇಲೆ ಯಾಕೆ ಹೋಗಬೇಕಾಯಿತು? ಬೇರೆ ದಾರಿ ಎಷ್ಟು ದೂರ ಇತ್ತು? ನಾರಾಯಣಪುರ ಜಲಾಶಯದಿಂದ ನೀರು ಬಿಡುವ ಮುನ್ಸೂಚನೆ ನದಿ ದಂಡೆಯ ಹಳ್ಳಿಗೆ ಯಾರು, ಹೇಗೆ ಮುಟ್ಟಿಸಿದರು? ಡಂಗುರ ಸಾರಿದರಾ? ವಾಟ್ಸ್‌ಆ್ಯಪ್ ಮಾಡಿದರಾ? ಫೋನಿಲ್ಲದ ಅಜ್ಜಿಗೆ ಯಾರು ಹೇಳಿದರು? ದೊಡ್ಡ ಪ್ರವಾಹ ಬಂದಾಗಲೆಲ್ಲ ಹೂವಿನಹೆಡಗಿ ಸೇತುವೆ ಮುಳುಗಿದ ಸುದ್ದಿ ಬರ್ತದ. ಮುಳುಗಿದ ದಿನ ಫೋಟೊ ಬರ್ತದ. ಮುಳುಗದ ದಿನ ಯಾರೂ ಹೋಗಿ ಕೇಳಲ್ಲ.

ಹೊರಗಿನ ಕ್ಯಾಮೆರಾಕ್ಕೆ ಒಬ್ಬ ಹೀರೊ ಸಿಕ್ಕರೆ ಸಾಕು, ಅದು ಮುಂದಿನ ಊರಿಗೆ ಹೋಗ್ತದ. ಅದರ ತಪ್ಪು ಅಂತಲೂ ಅಲ್ಲ, ಅದರ ಕೆಲಸವೇ ಹಾಗೆ. ಸೇತುವೆಯ ಬಗ್ಗೆ ಕೇಳಬೇಕಾದವರು ಆ ಸೇತುವೆ ದಾಟಿ ಕಾಲೇಜಿಗೆ ಬರುವವರು. ಅಂದ್ರ ನೀವು.

4/10

ಇನ್ನೊಂದು ಉದಾಹರಣೆ, ರಾಯಚೂರು ನಗರದ್ದು.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನದ ವರದಿ ಕೊಟ್ಟಿತು. ರಾಯಚೂರಿಗೆ ಐಐಟಿ ಬೇಕು ಅನ್ನೋದು ಅದರೊಳಗಿನ ಶಿಫಾರಸು. ಐಐಟಿ 2016ರಲ್ಲಿ ಧಾರವಾಡಕ್ಕೆ ಹೋಯಿತು. 2019ರಲ್ಲಿ ನಮಗೆ ಐಐಐಟಿ ಬಂತು. ಏಮ್ಸ್ ಆದರೂ ಕೊಡ್ರಿ ಅಂತ 2022ರ ಮೇ 13ರಿಂದ ರಾಯಚೂರಿನಲ್ಲಿ ಧರಣಿ ಕೂತರು. ಬಿಸಿಲು, ಮಳೆ, ಚುನಾವಣೆ ಎಲ್ಲಾ ಬಂದು ಹೋದವು. 2025ರ ಹೊತ್ತಿಗೆ ಧರಣಿ ಸಾವಿರ ದಿನ ದಾಟಿತು.

ಈಗ ನಿಮ್ಮ ಪಠ್ಯದಲ್ಲಿರುವ "ಸುದ್ದಿ ಮೌಲ್ಯ" ಅನ್ನೋ ಪಾಠ ತೆಗೀರಿ. ಹೊಸದು ಸುದ್ದಿ, ವಿಚಿತ್ರವಾದದ್ದು ಸುದ್ದಿ, ಜಗಳ ಸುದ್ದಿ, ದೊಡ್ಡವರು ಬಂದರೆ ಸುದ್ದಿ. ಹಂಗಾದರೆ ದಿನಾ ಅದೇ ಜಾಗದಲ್ಲಿ, ಕಲ್ಲು ಹೊಡೆಯದೆ, ಬಸ್ ತಡೆಯದೆ ಶಾಂತವಾಗಿ ಕೂತವರು? ಆ ಲೆಕ್ಕದಲ್ಲಿ ಅವರು ಸುದ್ದಿಯೇ ಅಲ್ಲ. ನೂರನೇ ದಿನ ಒಂದು ಫೋಟೊ, ಐನೂರನೇ ದಿನ ಒಂದು, ಸಾವಿರನೇ ದಿನ ಒಂದು. ನಡುವಿನ ದಿನಗಳು ಲೆಕ್ಕಕ್ಕಿಲ್ಲ. ಶಾಂತವಾಗಿದ್ದಕ್ಕೇ ದಂಡ ಕಟ್ಟಿದಂಗಾಯ್ತು.

ನಿಮಗೆ ಏಮ್ಸ್ ಬೇಕೋ ಬೇಡವೋ, ಆ ಹೋರಾಟದ ದಾರಿ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ನಾನು ಕೇಳ್ತಿರೋದು ಇಷ್ಟು: ಸುದ್ದಿ ಮೌಲ್ಯದ ಈ ಪಟ್ಟಿಯನ್ನು ಮಾಡಿದವರು ಯಾರು? ರಾಜಧಾನಿಯ ಡೆಸ್ಕಿನಲ್ಲಿ ಕೂತವರಿಗೆ ಅದು ಸರಿ ಇರಬಹುದು. ನಮ್ಮ ಜಿಲ್ಲೆಯ ಕಷ್ಟಗಳು ಹೆಚ್ಚಿನವು ಹಳೆಯವು, ನಿಧಾನದವು, ಸದ್ದು ಮಾಡದವು. ಕೊನೆ ಭಾಗದ ನೀರು, ಗುಳೆ, ಹೆರಿಗೆಗೆ ದೂರದ ಆಸ್ಪತ್ರೆ. ಇವುಗಳಲ್ಲಿ ಇವತ್ತು "ಹೊಸದೇನು?" ಅಂದ್ರ ಏನೂ ಇಲ್ಲ. ಹಳೆಯದನ್ನು ಹೊಸ ಕಣ್ಣಿನಿಂದ ಬರೆಯುವುದು ಹೇಗೆ ಅನ್ನೋದೇ ನಾವು ಕಲಿಯಬೇಕಾದ ವಿದ್ಯೆ. ಪಾಠವನ್ನು ಬಾಯಿಪಾಠ ಮಾಡ್ರಿ, ಬೇಡ ಅನ್ನಲ್ಲ. ಆಮೇಲೆ ಅದರ ಜೊತೆ ಜಗಳ ಆಡ್ರಿ.

5/10

"ನಮ್ಮ ಕಡೆ ಇದೆಲ್ಲ ಎಲ್ಲಿಂದ ಬರಬೇಕು, ಬೆಂಗಳೂರಿನವರ ಕೆಲಸ" ಅಂತೀರಾ? ಸ್ವಲ್ಪ ಹಿಂದಕ್ಕೆ ಹೋಗೋಣ.

ನಮ್ಮ ಜಿಲ್ಲೆಯ ಮಸ್ಕಿಯ ಬಂಡೆ ಶಾಸನ 1915ರಲ್ಲಿ ಬೆಳಕಿಗೆ ಬಂತು. ಬೇರೆ ಶಾಸನಗಳಲ್ಲಿ ಬರುವ "ದೇವಾನಾಂಪ್ರಿಯ" ಅಶೋಕನೇ ಅನ್ನೋದನ್ನು ಗಟ್ಟಿ ಮಾಡಿದ್ದು ಇಲ್ಲಿ ಸಿಕ್ಕ ಆ ಹೆಸರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬಂಡೆಯ ಮೇಲೆ ಕೊರೆದರೆ ಮುಗೀತಾ? ಓದು ಬಾರದ ಮಂದಿಗೆ, ಬೇರೆ ಮಾತಾಡುವ ಮಂದಿಗೆ ಅದನ್ನು ಓದಿ, ಬಿಡಿಸಿ ಹೇಳುವವರು ಬೇಕಿತ್ತು. ಆ ಕೆಲಸಕ್ಕೆ ಇವತ್ತು ನಾವು ಸಂವಹನ ಅಂತೀವಿ.

ಇನ್ನು 18ನೇ ಶತಮಾನಕ್ಕೆ ಬರ್ರಿ. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರವಿಯವರು. ಗೋಪಾಲದಾಸರು ದೇವದುರ್ಗ ಕಡೆಯ ಮೊಸರಕಲ್ಲಿನವರು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಮಾನ್ವಿಯವರು. ಭಕ್ತಿಯ ಮಾತು ಒಂದು ಕಡೆ ಇರಲಿ, ಅವರ ಕೆಲಸವನ್ನು ಒಬ್ಬ ವಿದ್ಯಾರ್ಥಿಯ ಕಣ್ಣಿನಿಂದ ನೋಡ್ರಿ. ಶಾಸ್ತ್ರದ ಕಠಿಣ ಮಾತನ್ನು ಹಾಡಿಗೆ ಇಳಿಸಿದರು. ಹಾಡು ಬಾಯಿಂದ ಬಾಯಿಗೆ, ಊರಿಂದ ಊರಿಗೆ ಹೋಯಿತು. ಪ್ರತಿ ಹಾಡಿನ ಕೊನೆಗೆ ಅಂಕಿತ. ಅದನ್ನು ಕೇಳಿದ ಕೂಡಲೇ ಇದು ಯಾರ ರಚನೆ ಅಂತ ಗೊತ್ತಾಗ್ತದ. ಅಂಕಿತ ಗುರುವಿನ ಮೂಲಕ ಬರಬೇಕು ಅನ್ನೋದು ಸಂಪ್ರದಾಯ. ಇವತ್ತು ನಾವು "ಪರ್ಸನಲ್ ಬ್ರ್ಯಾಂಡಿಂಗ್" ಅಂತ ದುಡ್ಡು ಕೊಟ್ಟು ಕೋರ್ಸ್ ಮಾಡ್ತೀವಲ್ಲ, ಆ ಹೆಸರಿಗೆ ಮೊದಲು ಅರ್ಹತೆ ಬೇಕು ಅನ್ನೋ ಮಾತು ಅದರೊಳಗೆ ಇರೋದಿಲ್ಲ.

ಜಗನ್ನಾಥದಾಸರ ಬಗ್ಗೆ ದಾಸ ಪರಂಪರೆಯಲ್ಲಿ ಒಂದು ಕಥೆ ಇದೆ. ಅವರು ಮೊದಲು ಸಂಸ್ಕೃತ ಪಂಡಿತರು, ಕನ್ನಡದ ಹಾಡುಗಳನ್ನು ಹಗುರವಾಗಿ ಕಂಡವರು. ಆಮೇಲೆ ಅವರೇ ಕನ್ನಡಕ್ಕೆ ಬಂದರು, ಕನ್ನಡದಲ್ಲೇ ಉಳಿದರು. ಮೊಹರಂನಲ್ಲಿ ಹಾಡುವ ರಿವಾಯತ್ ಪದ, ಏಕತಾರಿ ಹಿಡಿದು ಹೇಳುವ ತತ್ವಪದ, ಇವೂ ಇದೇ ನೆಲದ ಮಾಧ್ಯಮಗಳೇ. ಪತ್ರಿಕೆ ಮುಟ್ಟದ ಊರಿಗೆ ಹಾಡು ಮುಟ್ಟಿತ್ತು.

6/10

ಹಾಡಿನ ಮಾತು ಬಂದಮೇಲೆ ಭಾಷೆಯ ಮಾತು ಬರಲೇಬೇಕು.

ನಮ್ಮ ಕಡೆಯ ಎಷ್ಟೋ ಹುಡುಗರು ಮೈಕ್ ಮುಂದೆ ನಿಂತರೆ ಮೊದಲು ಹೆದರೋದು ಸುದ್ದಿಗೆ ಅಲ್ಲ, ತಮ್ಮ ಕನ್ನಡಕ್ಕೆ. "ಅದ" ಅನ್ನಬಾರದು, "ಇದೆ" ಅನ್ನಬೇಕು. "ಖರೆ" ಅನ್ನಬಾರದು, "ನಿಜ" ಅನ್ನಬೇಕು. ಉರ್ದು, ತೆಲುಗು ಬೆರೆತರೆ ಅಶುದ್ಧ. ಹೀಗೆ ಹೇಳಿ ಹೇಳಿ ಬಾಯಿ ಕಟ್ಟಿಸಿ, ಆಮೇಲೆ "ಈ ಕಡೆ ಮಕ್ಕಳು ಮಾತಾಡೋದೇ ಇಲ್ಲ" ಅಂತಾರ.

ನನ್ನ ಅಭಿಪ್ರಾಯ: ಎರಡೂ ಬೇಕು. ಗ್ರಂಥಸ್ಥ ಕನ್ನಡ ಚೆನ್ನಾಗಿ ಕಲೀರಿ. ಒತ್ತಕ್ಷರ, ಅಲ್ಪಪ್ರಾಣ, ಮಹಾಪ್ರಾಣ ತಪ್ಪಿದರೆ ಅದು ಪ್ರಾದೇಶಿಕತೆ ಅಲ್ಲ, ಸೋಮಾರಿತನ. ಸುದ್ದಿ ಬೀದರ್‌ನಿಂದ ಚಾಮರಾಜನಗರದ ತನಕ ತಿಳಿಯಬೇಕು. ಆದರೆ ದೇವದುರ್ಗದ ಮುದುಕಿ ಹೇಳಿದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವಾಗ ಬೆಂಗಳೂರಿನ ಕನ್ನಡಕ್ಕೆ ತಿದ್ದಬೇಡ್ರಿ. ತಿದ್ದಿದರೆ ಅದು ಆಕೆಯ ಮಾತಲ್ಲ, ನಿಮ್ಮದು. ಪತ್ರಿಕೋದ್ಯಮದ ಲೆಕ್ಕದಲ್ಲಿ ಅದು ತಪ್ಪು ವರದಿ.

ಇದು ಸಾಧ್ಯ ಅನ್ನೋದಕ್ಕೆ ಸಾಕ್ಷಿ ಬೇಕಾ? ಉರ್ದುವಿನ ಗಜಲ್‌ ಅನ್ನು ಕನ್ನಡಕ್ಕೆ ತಂದವರಲ್ಲಿ ಮೊದಲಿಗರು ನಮ್ಮ ಹೆಂಬೆರಳಿನ ಶಾಂತರಸರು. ಎರಡು ಭಾಷೆ ಬೆರೆತ ಊರಿನಲ್ಲಿ ಬೆಳೆದದ್ದು ಅವರಿಗೆ ಬಂಡವಾಳ ಆಯಿತು, ಕೊರತೆ ಆಗಲಿಲ್ಲ. 2006ರಲ್ಲಿ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮಗಳು ಎಚ್.ಎಸ್. ಮುಕ್ತಾಯಕ್ಕ ಗಜಲ್‌ನಲ್ಲೇ ದೊಡ್ಡ ಹೆಸರು. ದೇವದುರ್ಗ ಸೀಮೆಯ ಅರಕೇರಾದ ಆರಿಫ್ ರಾಜಾ 2012ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಪಡೆದರು.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬುಕರ್ ಬಂತು. ಅವರು ಹಾಸನದವರು, ಒಂದು ಕಾಲಕ್ಕೆ ಲಂಕೇಶ್ ಪತ್ರಿಕೆಯ ವರದಿಗಾರ್ತಿ, ಆಮೇಲೆ ವಕೀಲರು. ಅನುವಾದಿಸಿದ ದೀಪಾ ಭಾಸ್ತಿ ಕನ್ನಡದ ಸೊಗಡನ್ನು ಇಂಗ್ಲಿಷಿನಲ್ಲಿ ಒರೆಸಿ ಹಾಕಲಿಲ್ಲ, ಉಳಿಸಿಕೊಂಡರು. ಆ ಸೊಗಡು ಲಂಡನ್ನಿನಲ್ಲಿ ನಡೀತದ ಅಂದ್ರ, ನಮ್ಮ "ಖರೆ" ಬೆಂಗಳೂರಿನಲ್ಲಿ ಯಾಕೆ ನಡೆಯಬಾರದು?

ವರದಿಗಾರಿಕೆಯಿಂದ ಕಥೆಗೆ ಹೋದ ಆ ದಾರಿಯನ್ನೂ ಗಮನಿಸ್ರಿ. ಜರ್ನಲಿಸಂ ಜೊತೆ ಸಾಹಿತ್ಯ ಯಾಕೆ ಓದಬೇಕು ಅನ್ನೋದಕ್ಕೆ ಅದಕ್ಕಿಂತ ಉತ್ತರ ಬೇಡ.

7/10

ಈಗ ಮಾರ್ಕೆಟಿಂಗ್. ನಮ್ಮಲ್ಲಿ ಇದನ್ನು ಇಂಗ್ಲಿಷ್ ಪುಸ್ತಕದಿಂದ ಕಲಿಸ್ತಾರ. ನಾಲ್ಕು ಪಿ, ಕೋಲಾ ಕಂಪನಿಯ ಉದಾಹರಣೆ, ಪರೀಕ್ಷೆ. ಕಾಲೇಜಿನ ಗೇಟಿನಾಚೆ ರಾಯಚೂರು ಎಪಿಎಂಸಿ ಇದೆ, ಅದರ ಹೆಸರು ನೋಟ್ಸಿನಲ್ಲಿ ಬರೋದಿಲ್ಲ.

ರಾಯಚೂರಿನ ಹತ್ತಿ ಮಾರುಕಟ್ಟೆ ರಾಜ್ಯದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಒಂದು. ಸೀಸನ್ನಿನಲ್ಲಿ ಒಂದು ದಿನ ಅಲ್ಲಿ ಕಳೆದರೆ ಒಂದು ಸೆಮಿಸ್ಟರ್ ಪಾಠ ಆಗ್ತದ. ರೈತ ಹತ್ತಿ ತಂದ. ಅಡತಿ ಅಂಗಡಿಯವನ ಹತ್ತಿರ ಬಿತ್ತನೆ ಕಾಲದಲ್ಲೇ ಸಾಲ ತಗೊಂಡಿದ್ದಾನ. ಹಂಗಾದರೆ ಮಾರುವಾಗ ಅವನಿಗೆ ಖರೆನೇ ಆಯ್ಕೆ ಇದೆಯಾ? ಹತ್ತಿಯಲ್ಲಿ ತೇವ ಎಷ್ಟು ಅಂತ ಯಾರು ಹೇಳ್ತಾರ, ಯಂತ್ರವೋ ಕೈಯೋ? ತೂಕ ಮಾಡುವವರು ಯಾರು, ಹಮಾಲಿ ಯಾರ ಲೆಕ್ಕಕ್ಕೆ? ರಾಜ್ಯದಲ್ಲಿ 2014ರಿಂದ ಎಪಿಎಂಸಿಗಳನ್ನು ಆನ್‌ಲೈನ್ ಟೆಂಡರಿಗೆ ಸೇರಿಸುತ್ತಾ ಬಂದರು. ಪರದೆಯ ಮೇಲೆ ದರ ಬಂದ ಮೇಲೆ ರೈತನ ಕೈಗೆ ಬಂದ ದುಡ್ಡಿನಲ್ಲಿ ಏನು ಬದಲಾಯಿತು? ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಯಾವ ಬಿಬಿಎ ವಿದ್ಯಾರ್ಥಿಗೆ ಬೇಕು?

ಇನ್ನು ಅಕ್ಕಿ. ಮಾನ್ವಿ, ಸಿಂಧನೂರು ಕಡೆ ಬೆಳೆಯುವ ಸೋನಾ ಮಸೂರಿ ಎಲ್ಲೆಲ್ಲಿಗೋ ಹೋಗ್ತದ. ಅಂಗಡಿಗೆ ಹೋದಾಗ ಅಕ್ಕಿ ಚೀಲಗಳ ಮೇಲೆ ಏನೇನು ಬರೆದಿದೆ ಓದ್ರಿ. ದೇವರ ಹೆಸರು, ಹೂವಿನ ಹೆಸರು, ಪ್ರಾಣಿಯ ಚಿತ್ರ ಸಿಗ್ತಾವ. ಬೆಳೆದ ಊರಿನ ಹೆಸರು ಎಷ್ಟು ಚೀಲದ ಮೇಲೆ ಇದೆ ಎಣಿಸ್ರಿ. ಊರಿನ ಹೆಸರು ಚೀಲದ ಮೇಲೆ ಬಂದರೆ ಬೆಳೆದವನಿಗೆ ಚೌಕಾಸಿ ಮಾಡಲಿಕ್ಕೆ ಒಂದು ಬಲ ಬರ್ತದ. ಬ್ಯಾಡಗಿ ಮೆಣಸಿನಕಾಯಿ ಅಂದ ಕೂಡಲೇ ಜನ ಗುರುತಿಸ್ತಾರಲ್ಲ, ಹಾಗೆ.

ಹೆಸರಿಗೂ ಒಂದು ಮಿತಿ ಇದೆ, ಅದನ್ನೂ ಮಾರ್ಕೆಟಿಂಗ್ ವಿದ್ಯಾರ್ಥಿ ತಿಳಿಯಬೇಕು. 2019ರ ಸೆಪ್ಟೆಂಬರ್ 17ರಂದು "ಹೈದರಾಬಾದ್ ಕರ್ನಾಟಕ" ಹೋಗಿ "ಕಲ್ಯಾಣ ಕರ್ನಾಟಕ" ಆಯಿತು. ಒಳ್ಳೆ ಹೆಸರು. ಆದರೆ ಬೋರ್ಡು ಬದಲಾದಷ್ಟು ಬೇಗ ಬದುಕು ಬದಲಾಗಲಿಲ್ಲ. ಸರಕು ಸುಧಾರಿಸದೆ ಲೇಬಲ್ ಬದಲಿಸಿದರೆ ಏನಾಗ್ತದ ಅನ್ನೋದಕ್ಕೆ ಬೇರೆ ಊರಿನ ಉದಾಹರಣೆ ಬೇಕಿಲ್ಲ.

8/10

ಇಷ್ಟೆಲ್ಲ ಹೇಳಿದ ಮೇಲೆ ಕಹಿ ಮಾತೂ ಹೇಳಬೇಕು, ಇಲ್ಲಂದ್ರ ನಾನೂ ಕೋರ್ಸ್ ಮಾರುವವನಾಗ್ತೀನಿ.

ತಾಲ್ಲೂಕು ಮಟ್ಟದ ವರದಿಗಾರರಲ್ಲಿ ಭಾಳ ಮಂದಿಗೆ ಪೂರ್ತಿ ಸಂಬಳ ಇಲ್ಲ. ಸಣ್ಣ ಗೌರವಧನ, ಅದರ ಜೊತೆಗೆ ಜಾಹೀರಾತು ತಂದರೆ ಕಮಿಷನ್. ಯುಗಾದಿ, ದೀಪಾವಳಿ, ಪತ್ರಿಕೆಯ ವಾರ್ಷಿಕೋತ್ಸವ ಬಂದರೆ ಗುರಿ ಕೊಡ್ತಾರ. ಯಾರ ಹತ್ತಿರ ಹೋಗಬೇಕು? ಗುತ್ತಿಗೆದಾರರು, ಮುಖಂಡರು, ಶಾಲೆ ನಡೆಸುವವರು, ಅಂಗಡಿಯವರು. ಹುಟ್ಟುಹಬ್ಬದ ಶುಭಾಶಯ ಕೋರುವ ಅರ್ಧ ಪುಟಕ್ಕೆ ದುಡ್ಡು ಕೊಟ್ಟ ಗುತ್ತಿಗೆದಾರ, ಮರುತಿಂಗಳು ಕಳಪೆ ರಸ್ತೆ ಮಾಡಿದರೆ ಅದೇ ವರದಿಗಾರ ಹೇಗೆ ಬರೀಬೇಕು? ಬರೆದರೆ ಮುಂದಿನ ಜಾಹೀರಾತು ಹೋಯಿತು. ಬರೆಯದಿದ್ದರೆ ರಸ್ತೆ ಹೋಯಿತು.

ಇದು ಒಬ್ಬ ವರದಿಗಾರನ ಗುಣದ ಪ್ರಶ್ನೆ ಅಲ್ಲ, ವ್ಯವಸ್ಥೆಯ ಪ್ರಶ್ನೆ. ನಮ್ಮ ಪಠ್ಯದಲ್ಲಿ "ಮಾಧ್ಯಮ ನೀತಿ" ಒಂದು ಪೇಪರ್, "ಜಾಹೀರಾತು" ಇನ್ನೊಂದು ಪೇಪರ್. ಎರಡೂ ಒಂದೇ ಮನುಷ್ಯನ ಒಂದೇ ಜೇಬಿನಲ್ಲಿ ಕೂತು ಜಗಳಾಡ್ತಾವ ಅನ್ನೋದನ್ನು ಕ್ಲಾಸಿನಲ್ಲಿ ಬಿಡಿಸಿ ಹೇಳೋದು ಕಡಿಮೆ.

ಕನ್ನಡದಲ್ಲಿ ಬೇರೆ ದಾರಿ ಹುಡುಕಿದವರೂ ಇದ್ದಾರೆ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತು ಇಲ್ಲದೆ, ಓದುಗರು ಕೊಟ್ಟ ದುಡ್ಡಿನ ಮೇಲೆ ನಡೆಯಿತು. ಅದಕ್ಕೇ ಯಾರ ಮುಲಾಜೂ ಇಲ್ಲದೆ ಬರೆಯಲು ಆಯಿತು. ಇವತ್ತು ಓದುಗ ಫೋನಿನಲ್ಲಿ ಬಿಟ್ಟಿ ಓದ್ತಾನ. ಹಂಗಾದರೆ ರಾಯಚೂರಿನ ಸುದ್ದಿಗೆ ರಾಯಚೂರಿನವರು ತಿಂಗಳಿಗೆ ಹತ್ತಿಪ್ಪತ್ತು ರೂಪಾಯಿ ಕೊಡುವಂತೆ ಮಾಡೋದು ಹೇಗೆ? ಸುದ್ದಿಮೂಲದಂಥ ಪತ್ರಿಕೆಗಳು ರಾಯಚೂರಿನಿಂದಲೇ ಹೊರಟಿವೆ, ಸ್ಥಳೀಯ ಓದುಗ ಇದ್ದಾನ ಅನ್ನೋದು ಅದರಿಂದ ಗೊತ್ತಾಗ್ತದ. ಮುಂದಿನ ಲೆಕ್ಕವನ್ನು ಮಾರ್ಕೆಟಿಂಗ್ ಓದಿದವರೂ ಜರ್ನಲಿಸಂ ಓದಿದವರೂ ಒಟ್ಟಿಗೆ ಕೂತು ಬಿಡಿಸಬೇಕು.

ಆದ್ದರಿಂದ ಈ ಡಿಗ್ರಿ ಆದ ಕೂಡಲೇ ಕೈತುಂಬ ಸಂಬಳ ಅಂತ ಯಾರಾದರೂ ಹೇಳಿದರೆ ನಂಬಬೇಡ್ರಿ. ಸ್ಪರ್ಧಾತ್ಮಕ ಪರೀಕ್ಷೆಗೂ ಓದ್ರಿ, ತಪ್ಪೇನಿಲ್ಲ. 371(ಜೆ) ಮೀಸಲಾತಿ ನಮ್ಮ ಹಕ್ಕು, ಬಳಸಿಕೊಳ್ರಿ. ಆದರೆ ಪಂಚಾಯಿತಿ ಕಾರ್ಯದರ್ಶಿ ಆದರೂ, ಬ್ಯಾಂಕಿನಲ್ಲಿ ಕೂತರೂ, ಆಶಾ ಕಾರ್ಯಕರ್ತೆ ಆದರೂ ಒಂದು ನೋಟಿಸನ್ನು ಮಂದಿಗೆ ತಿಳಿಯುವಂತೆ ಬರೆಯಲು ಬರುವವರು ಎಷ್ಟು ಮಂದಿ ಇದ್ದಾರ ಹೇಳ್ರಿ. ಕಲಿತ ವಿದ್ಯೆ ಅಲ್ಲಿ ಕೆಲಸ ಮಾಡ್ತದ.

9/10

ಇನ್ನು ಕಾಲೇಜುಗಳಿಗೆ, ವಿಶ್ವವಿದ್ಯಾಲಯಕ್ಕೆ ಎರಡು ಮಾತು.

2021ರಲ್ಲಿ ಎನ್‌ಇಪಿ ಬಂತು, ನಾಲ್ಕು ವರ್ಷದ ಆನರ್ಸ್ ಅಂದರು. 2024ರಲ್ಲಿ ಮತ್ತೆ ಮೂರು ವರ್ಷ ಅಂದರು. ನಡುವೆ ಸಿಕ್ಕ ಬ್ಯಾಚಿನವರಿಗೆ ತಮ್ಮ ಸಿಲೆಬಸ್ ಯಾವುದು ಅನ್ನೋದೇ ಒಂದು ಒಗಟು. ಚೌಕಟ್ಟು ಬದಲಾಗ್ತಾ ಇರ್ತದ, ಅದು ನಮ್ಮ ಕೈಯಲ್ಲಿಲ್ಲ. ಚೌಕಟ್ಟಿನೊಳಗೆ ಏನು ಹಾಕಬೇಕು ಅನ್ನೋದರಲ್ಲಿ ಸ್ವಲ್ಪವಾದರೂ ನಮ್ಮ ಮಾತು ನಡೀಬೇಕು. ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರೆಯಾಗಿ ರಾಯಚೂರು, ಯಾದಗಿರಿಗೆ ಅಂತಲೇ ಒಂದು ವಿಶ್ವವಿದ್ಯಾಲಯ ಬಂದಿರುವಾಗ, ಪಠ್ಯದಲ್ಲಿ ರಾಯಚೂರು, ಯಾದಗಿರಿ ಕಾಣಬೇಕಲ್ಲ?

ಒಂದು: ಪ್ರಾಯೋಗಿಕ ಪತ್ರಿಕೆ ಹೆಸರಿಗೆ ಮಾತ್ರ ಬೇಡ. ಅತಿಥಿಗಳ ಸಂದೇಶ, ವಾರ್ಷಿಕೋತ್ಸವದ ಫೋಟೊ ಹಾಕಿ ಮುಗಿಸಬೇಡ್ರಿ. ಒಂದು ಸೆಮಿಸ್ಟರಿಗೆ ಒಂದು ಊರು ಕೊಡ್ರಿ. ಆ ಊರಿನ ನೀರು, ಶಾಲೆ, ಬಸ್ಸು, ಹಾಡು ಎಲ್ಲಾ ಬರೆಯಲಿ.

ಎರಡು: ಕನ್ನಡ ವಿಭಾಗ, ವಾಣಿಜ್ಯ ವಿಭಾಗ, ಪತ್ರಿಕೋದ್ಯಮ ವಿಭಾಗ ವರ್ಷಕ್ಕೆ ಒಂದು ಕೆಲಸವನ್ನಾದರೂ ಕೂಡಿ ಮಾಡಲಿ. ಹತ್ತಿಯ ಬಗ್ಗೆ ಮಾಡ್ರಿ, ಗುಳೆಯ ಬಗ್ಗೆ ಮಾಡ್ರಿ, ಮೊಹರಂ ಪದಗಳ ಧ್ವನಿಮುದ್ರಣ ಮಾಡ್ರಿ.

ಮೂರು: ಹುಡುಗಿಯರ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ಕಡಿಮೆ ಆಗಿದೆ. ಆದರೆ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ ಏನು ಮಾಡ್ತದ? ಸಂಜೆಯ ಕೊನೆ ಬಸ್ ತಪ್ಪಿದರೆ ಊರು ಮುಟ್ಟೋದು ಹೇಗೆ ಅಂತ ಯೋಚಿಸುವ ಹುಡುಗಿಗೆ ಸಂಜೆ ಆರಕ್ಕೆ "ಫೀಲ್ಡ್ ವರ್ಕ್" ಅಂದರೆ ಆಕೆ ಆ ಸಬ್ಜೆಕ್ಟೇ ಬಿಡ್ತಾಳ. ಫೀಲ್ಡ್ ವರ್ಕಿನ ವೇಳೆಯನ್ನು ಬಸ್ಸಿನ ವೇಳೆಗೆ ಹೊಂದಿಸ್ರಿ. ಆಕೆಯ ಸ್ವಂತ ಊರನ್ನೇ ಫೀಲ್ಡ್ ಮಾಡ್ರಿ. ಹೆರಿಗೆ ವಾರ್ಡಿನ ಸುದ್ದಿ, ರೇಷನ್ ಅಂಗಡಿ ಸಾಲಿನ ಸುದ್ದಿ, ಕುಡಿಯುವ ನೀರಿನ ಸುದ್ದಿ ಆಕೆಗೆ ಸಿಗುವಷ್ಟು ಒಬ್ಬ ಹುಡುಗನಿಗೆ ಸಿಗಲ್ಲ.

1934ರಲ್ಲಿ, ನಿಜಾಮರ ಆಳ್ವಿಕೆಯ ಕಾಲದಲ್ಲಿ, ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮತ್ತೆ 2016ರ ಡಿಸೆಂಬರ್‌ನಲ್ಲಿ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ ನಡೆಯಿತು. ಇನ್ನೊಂದು ಸಮ್ಮೇಳನದ ದಾರಿ ಕಾಯೋದು ಬೇಡ. ಕಾಲೇಜುಗಳು ದಿನಾ ಮಾಡುವ ಕೆಲಸದಿಂದ ಮಾತ್ರ ಬರೆಯುವವರು ತಯಾರಾಗ್ತಾರ.

10/10

ಕಡೆಗೆ, ನೀವು ನಾಳೆಯಿಂದ ಮಾಡಬಹುದಾದ ಒಂದು ಕೆಲಸ. ಇದಕ್ಕೆ ಕ್ಯಾಮೆರಾ ಬೇಡ, ಲ್ಯಾಪ್‌ಟಾಪ್ ಬೇಡ, ಬೆಂಗಳೂರು ಬೇಡ.

ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಅರ್ಜಿ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಇನ್ನೊಂದು ಮಾತಿದೆ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು.

ಈ ನಿಯಮದ ಬಗ್ಗೆ ಹೋರಾಟಗಾರರಿಗೆ ತಕರಾರು ಇದೆ, ಇರಲಿ. ವಿದ್ಯಾರ್ಥಿಗೆ ಮಾತ್ರ ಇದು ಒಳ್ಳೆಯ ಮಾಸ್ತರ್. 150 ಪದದಲ್ಲಿ ನಿಮಗೆ ಬೇಕಾದ್ದನ್ನು, ತಪ್ಪಿಸಿಕೊಳ್ಳಲು ಸಂದು ಬಿಡದ ಹಾಗೆ ಕೇಳಬೇಕು. "ನಮ್ಮೂರಿನ ರಸ್ತೆ ಯಾಕೆ ಸರಿ ಇಲ್ಲ?" ಅಂದ್ರ ಉತ್ತರ ಬರಲ್ಲ. ಇಂಥ ರಸ್ತೆಗೆ ಇಂಥ ವರ್ಷ ಮಂಜೂರಾದ ಮೊತ್ತ, ಗುತ್ತಿಗೆದಾರರ ಹೆಸರು, ಬಿಲ್ ಪಾವತಿಯ ದಿನಾಂಕ, ಅಳತೆ ಪುಸ್ತಕದ ನಕಲು ಕೊಡ್ರಿ ಅಂದ್ರ ಬರ್ತದ. ಯಾರಿಗೆ, ಏನನ್ನು, ಯಾವ ಮಾತಿನಲ್ಲಿ ಕೇಳಬೇಕು? ಸಂವಹನದ ಪಾಠ ಪೂರ್ತಿ ಇದರೊಳಗೆ ಅದ.

ಉತ್ತರ ಬಂದ ಮೇಲೆ ಅದನ್ನು ಇನ್ನೊಂದು 150 ಪದದಲ್ಲಿ ನಿಮ್ಮ ಅವ್ವನಿಗೆ ತಿಳಿಯುವ ಹಾಗೆ ಬರೀರಿ. ಬರೆದು ಓದಿ ಹೇಳ್ರಿ. ಆಕೆ "ಹೌದೇನು? ಇಷ್ಟು ರೊಕ್ಕ ಬಂದಿತ್ತಾ?" ಅಂದ್ರ ನೀವು ಪಾಸು. ಆಕೆಗೆ ತಿಳಿಯಲಿಲ್ಲ ಅಂದ್ರ ತಪ್ಪು ಆಕೆಯದಲ್ಲ, ಮತ್ತೆ ಬರೀರಿ.

ಯಾರ ಮೇಲೂ ಆರೋಪ ಹೊರಿಸುವ ಅವಸರ ಬೇಡ. ಕಾಗದದಲ್ಲಿ ಇರುವಷ್ಟನ್ನೇ ಬರೀರಿ. ಎದುರಿನವರ ಮಾತನ್ನೂ ಕೇಳ್ರಿ. ಒಬ್ಬರೇ ಹೋಗಬೇಡ್ರಿ, ಗೆಳೆಯರನ್ನು ಕರಕೊಂಡು ಹೋಗ್ರಿ.

ಹತ್ತು ಕಾಲೇಜಿನಲ್ಲಿ ಹತ್ತು ಹತ್ತು ಮಂದಿ ವರ್ಷಕ್ಕೊಂದು ಅರ್ಜಿ ಹಾಕಿದರೆ ನೂರು ಸಂಗತಿಗಳ ಬಗ್ಗೆ ನಮ್ಮ ಜಿಲ್ಲೆಗೆ ನಮ್ಮದೇ ದಾಖಲೆ ಇರ್ತದ. ಆಗ ಹೊರಗಿನಿಂದ ಯಾರಾದರೂ ಬಂದು "ಹಿಂದುಳಿದ ಜಿಲ್ಲೆ" ಅಂತ ಒಂದು ಪದದಲ್ಲಿ ಮುಗಿಸಿದರೆ, "ಯಾವುದರಲ್ಲಿ ಹಿಂದುಳಿದಿದೆ, ಎಷ್ಟು ಹಿಂದುಳಿದಿದೆ, ಯಾರಿಂದ ಹಿಂದುಳಿಯಿತು?" ಅಂತ ತಿರುಗಿ ಕೇಳಲಿಕ್ಕೆ ಬರ್ತದ.

ನಿಮ್ಮ ಊರಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು? ಕಾಮೆಂಟಿನಲ್ಲಿ ಬರೀರಿ. ನಿಮ್ಮ ಕನ್ನಡದಲ್ಲೇ ಬರೀರಿ, ತಿದ್ದಬೇಡ್ರಿ. ಡಿಗ್ರಿ ಸೇರಲಿಕ್ಕೆ ಹೊರಟ ತಮ್ಮ, ತಂಗಿ ಇದ್ದರೆ ಅವರಿಗೂ ಕಳಿಸ್ರಿ.

#ರಾಯಚೂರು #ದೇವದುರ್ಗ #ಮಾನ್ವಿ #ಪತ್ರಿಕೋದ್ಯಮ #ನಮ್ಮಕನ್ನಡ #ಕಲ್ಯಾಣಕರ್ನಾಟಕ